ಅಪ್ಪ ತೆಳ್ಳಗಿದ್ದಾರೆ, ಶುಗರ್ ಎಲ್ಲಿಂದ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 66 ವರ್ಷ. ಸರ್ಕಾರಿ ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. 24ನೇ ವಯಸ್ಸಿನಿಂದ ಸಿಗರೇಟು ಸೇದುತ್ತಿದ್ದಾರೆ, ಈಗಲೂ ದಿನಕ್ಕೆ 10 ಬೇಕು. ಎತ್ತರ 5 ಅಡಿ 6 ಇಂಚು, ತೂಕ 60 ಕೆ.ಜಿ. ಕಣ್ಣಿನ ಪೊರೆ ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಶುಗರ್ 138, ಎಚ್‌ಬಿಎ1ಸಿ 7.2, ಟ್ರೈಗ್ಲಿಸರೈಡ್ 232, ಎಚ್‌ಡಿಎಲ್ 31 ಬಂತು. ಬಿ.ಪಿ. 146/88. ಸಿಹಿ ಜಾಸ್ತಿ ತಿನ್ನುವವರಲ್ಲ, ದಪ್ಪಗೂ ಇಲ್ಲ. ಇದಕ್ಕೂ ಸಿಗರೇಟಿಗೂ ಸಂಬಂಧ ಇದೆಯಾ? ಬಿಡಿ ಅಂದರೆ, "ನನ್ನ ಸ್ನೇಹಿತ ಬಿಟ್ಟ, ವರ್ಷದಲ್ಲಿ ದಪ್ಪ ಆದ, ಶುಗರ್ರೂ ಬಂತು. ಈ ವಯಸ್ಸಲ್ಲಿ ಬಿಟ್ಟು ಏನಾಗಬೇಕಿದೆ?" ಅನ್ನುತ್ತಾರೆ. ಉಬ್ಬಸಕ್ಕೆ ಡೆರಿಫಿಲಿನ್ ಮಾತ್ರೆ ತಗೊಳ್ಳುತ್ತಾರೆ. ಕಾಫಿ ಕುಡಿದ ಕೂಡಲೇ ಸಿಗರೇಟು ಬೇಕಾಗುತ್ತದಂತೆ. ಕಾಫಿಯನ್ನೂ ಬಿಡಿಸಬೇಕಾ?

ಉತ್ತರ: ಮೊದಲು ಆ ಸ್ನೇಹಿತರ ವಿಷಯ ಮಾತಾಡೋಣ. ಯಾಕೆಂದರೆ ನಿಮ್ಮ ತಂದೆ ಹೇಳಿದ್ದು ಸುಳ್ಳಲ್ಲ. ಸಿಗರೇಟು ಬಿಟ್ಟವರ ತೂಕ ಏರುತ್ತದೆ, ಕೆಲವರ ಶುಗರ್ ಕೂಡ ಏರುತ್ತದೆ. ಮನೆಯವರೂ ಡಾಕ್ಟರುಗಳೂ ಇದನ್ನು ಮುಚ್ಚಿಟ್ಟು "ಬಿಟ್ಟರೆ ಎಲ್ಲ ಸರಿಹೋಗುತ್ತೆ" ಅಂತ ಹೇಳುತ್ತೇವೆ. ಆಮೇಲೆ ಮೂರು ತಿಂಗಳಿಗೆ ಶುಗರ್ ನೋಡಿ, "ನಾನು ಹೇಳಿರಲಿಲ್ವಾ" ಅಂತ ಅವರು ಮತ್ತೆ ಗೂಡಂಗಡಿ ಕಡೆ ನಡೆಯುತ್ತಾರೆ. ಅದಕ್ಕೇ ಮೊದಲೇ ಲೆಕ್ಕ ಸರಿಯಾಗಿ ಹೇಳಿಬಿಡುವುದು ಒಳ್ಳೆಯದು.

ಆ ಲೆಕ್ಕಕ್ಕೆ ಬರುವ ಮುಂಚೆ "ತೆಳ್ಳಗಿದ್ದಾರೆ" ಅನ್ನುವ ಮಾತು. ನನ್ನ ಮೇಜಿನ ಡ್ರಾಯರಿನಲ್ಲಿ ಟೈಲರ್ ಟೇಪು ಒಂದಿದೆ. ನಿಮ್ಮ ತಂದೆಯಂಥವರು ಬಂದಾಗ ತೂಕದ ಮಷೀನಿಗಿಂತ ಮೊದಲು ಅದನ್ನು ತೆಗೆಯುತ್ತೇನೆ. ಪ್ಯಾಂಟ್ ಸೈಜ್ ಕೇಳಿದರೆ ಎಲ್ಲರೂ 32 ಅನ್ನುತ್ತಾರೆ, ಯಾಕೆಂದರೆ ಪ್ಯಾಂಟು ನಿಂತಿರುವುದು ಹೊಟ್ಟೆಯ ಕೆಳಗೆ. ಪಂಚೆ ಕಟ್ಟುವವರದಂತೂ ಕೇಳಲೇಬೇಡಿ. ಅಳೆಯುವ ಕ್ರಮ ಹೀಗೆ: ಶರ್ಟ್ ಎತ್ತಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಲು ಬಿಡಬೇಡಿ, ಅವರು ಸಹಜವಾಗಿ ಉಸಿರು ಬಿಟ್ಟಾಗ ಓದಿ. ನಮ್ಮ ಕಡೆಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಅಲ್ಲಿಂದ ಮೇಲೆ ಹೋದರೆ ಒಳಗೆ, ಕರುಳು ಮತ್ತು ಲಿವರಿನ ಸುತ್ತ, ಕೊಬ್ಬು ಕೂತಿದೆ ಅಂತ ಅರ್ಥ. ಕೈಕಾಲು ಕಡ್ಡಿಯಂತಿದ್ದು ಟೇಪು 94, 96 ತೋರಿಸುವ ಹಳೆಯ ಸಿಗರೇಟಿನವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಇದು ಆಕಸ್ಮಿಕ ಅಲ್ಲ. ನಿಕೋಟಿನ್ ಹಸಿವು ಕಮ್ಮಿ ಮಾಡುತ್ತದೆ, ಕೂತಲ್ಲೇ ಒಂದಿಷ್ಟು ಜಾಸ್ತಿ ಕ್ಯಾಲರಿ ಸುಡಿಸುತ್ತದೆ. ಅದರಿಂದ ಒಟ್ಟು ತೂಕ ಕಮ್ಮಿ. ಆದರೆ ಅದೇ ಸಿಗರೇಟು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಮತ್ತೆ ಮತ್ತೆ ಏರಿಸುತ್ತದೆ. ಕಾರ್ಟಿಸಾಲಿನ ಗುಣವೇ ಕೈಕಾಲಿನ ಮಾಂಸ ಕರಗಿಸಿ ಹೊಟ್ಟೆಯಲ್ಲಿ ಕೊಬ್ಬು ಕೂರಿಸುವುದು. ತೂಕದ ಮಷೀನು ಎರಡನ್ನೂ ಕೂಡಿಸಿ 60 ಅಂತ ತೋರಿಸುತ್ತದೆ. ಆ 60ರಲ್ಲಿ ಮಾಂಸ ಎಷ್ಟು, ಕೊಬ್ಬು ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ.

ಈಗ ಶುಗರ್. ನಿಮ್ಮ ತಂದೆ ಬಸ್ ಓಡಿಸಿದವರಲ್ವಾ, ಅವರಿಗೆ ಹೀಗೆ ಹೇಳಿ ನೋಡಿ. ಊಟದ ಸಕ್ಕರೆ ಪ್ಯಾಸೆಂಜರ್ ಇದ್ದ ಹಾಗೆ. ಮೈಯ ಮಾಂಸಖಂಡಗಳು ಬಸ್ಸುಗಳು. ಇನ್ಸುಲಿನ್ ಅನ್ನುವುದು ಬಾಗಿಲಲ್ಲಿ ನಿಂತ ಕಂಡಕ್ಟರ್, "ಒಳಗೆ ಬನ್ನಿ, ಒಳಗೆ ಬನ್ನಿ" ಅಂತ ಹತ್ತಿಸಿಕೊಳ್ಳುವವನು. ಸಿಗರೇಟು ಹಚ್ಚಿದಾಗೆಲ್ಲ ಅಡ್ರಿನಲಿನ್ ಏರಿ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಆ ಕೊಬ್ಬು ಬಂದು ಬಸ್ಸಿನ ಮೆಟ್ಟಿಲ ಮೇಲೆ ಜೋತುಬೀಳುತ್ತದೆ. ಕಂಡಕ್ಟರ್ ಕೂಗಿದರೂ ಸಕ್ಕರೆಗೆ ಹತ್ತಲು ಜಾಗ ಇಲ್ಲ, ಅದು ಸ್ಟ್ಯಾಂಡಿನಲ್ಲೇ, ಅಂದರೆ ರಕ್ತದಲ್ಲೇ ನಿಲ್ಲುತ್ತದೆ. ಇದನ್ನೇ ನಾವು ಇನ್ಸುಲಿನ್ ಪ್ರತಿರೋಧ ಅನ್ನುವುದು. ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್ ಗ್ರಂಥಿ ಇನ್ನಷ್ಟು ಕಂಡಕ್ಟರುಗಳನ್ನು ಕಳಿಸುತ್ತದೆ. ಹತ್ತಿಪ್ಪತ್ತು ವರ್ಷ ಹೀಗೇ ಸುಧಾರಿಸುತ್ತದೆ, ಆಮೇಲೆ ಸುಸ್ತಾಗುತ್ತದೆ. ಇದರ ಜೊತೆಗೆ ವಯಸ್ಸಾದಂತೆ ಬಸ್ಸುಗಳೇ ಕಮ್ಮಿಯಾಗುತ್ತಾ ಬರುತ್ತವೆ, ಅಂದರೆ ತೊಡೆ, ತೋಳಿನ ಮಾಂಸ ಕರಗುತ್ತದೆ. ಸೇದುವವರಲ್ಲಿ ಇನ್ನೂ ಬೇಗ. ಸಿಹಿ ತಿನ್ನದವರಿಗೂ 66ಕ್ಕೆ ಶುಗರ್ ಬರುವ ದಾರಿ ಇದು. ಅನ್ನ, ಮುದ್ದೆ, ದೋಸೆ ಕೂಡ ಕೊನೆಗೆ ಸಕ್ಕರೆಯೇ ಅಲ್ವಾ.

ಇದು ನನ್ನ ಊಹೆ ಅಲ್ಲ. 2007ರಲ್ಲಿ ಒಟ್ಟು 12 ಲಕ್ಷ ಜನರ 25 ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದರು. ಸೇದದವರಿಗಿಂತ ಸೇದುವವರಲ್ಲಿ ಡಯಾಬಿಟಿಸ್ ಬರುವ ಸಾಧ್ಯತೆ ಶೇ. 44ರಷ್ಟು ಜಾಸ್ತಿ. ದಿನಕ್ಕೆ 20 ಅಥವಾ ಅದಕ್ಕಿಂತ ಹೆಚ್ಚು ಸೇದುವವರಲ್ಲಿ ಶೇ. 61, ಅದಕ್ಕಿಂತ ಕಮ್ಮಿ ಸೇದುವವರಲ್ಲಿ ಶೇ. 29. ಬಿಟ್ಟವರಲ್ಲಿ ಶೇ. 23ಕ್ಕೆ ಇಳಿದಿತ್ತು. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯ ಅಧಿಕಾರಿ, 2014ರ ವರದಿಯಲ್ಲಿ "ಸಂಬಂಧ ಇರಬಹುದು" ಅನ್ನುವ ಮಾತನ್ನು ಬಿಟ್ಟು, ಟೈಪ್ 2 ಡಯಾಬಿಟಿಸಿಗೆ ಸಿಗರೇಟೂ ಒಂದು ಕಾರಣ ಎಂದೇ ಬರೆದರು. ನಿಮ್ಮ ತಂದೆಯದು ದಿನಕ್ಕೆ ಬರೀ 10 ಅನ್ನಿಸಬಹುದು. 42 ವರ್ಷಕ್ಕೆ ಗುಣಿಸಿ, ಒಂದೂವರೆ ಲಕ್ಷ ಸಿಗರೇಟು ದಾಟುತ್ತದೆ.

ನೀವು ಕಳಿಸಿದ ರಿಪೋರ್ಟಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಶುಗರ್ ಅಲ್ಲ, ಎಚ್‌ಡಿಎಲ್ 31. ಅದು ಒಳ್ಳೆಯ ಕೊಲೆಸ್ಟ್ರಾಲ್, ಗಂಡಸರಿಗೆ 40ರ ಮೇಲಿರಬೇಕು. ಟ್ರೈಗ್ಲಿಸರೈಡ್ ಅನ್ನುವುದು ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 150ರ ಒಳಗಿರಬೇಕು, 232 ಇದೆ. ಬಿ.ಪಿ. 130/85 ದಾಟಿದೆ, ಖಾಲಿ ಹೊಟ್ಟೆಯ ಶುಗರ್ 100 ದಾಟಿದೆ. ಸೊಂಟದ ಅಳತೆ ಸೇರಿ ಈ ಐದರಲ್ಲಿ ಮೂರು ಕೆಟ್ಟರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ. ನಿಮ್ಮ ತಂದೆಗೆ ಟೇಪು ಹಿಡಿಯುವ ಮುಂಚೆಯೇ ನಾಲ್ಕಾಯಿತು. ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳು, ನಾಲ್ಕು ಬೇರೆ ಮಾತ್ರೆಗಳು ಅಂತ ಯೋಚಿಸಬೇಡಿ. ಒಂದೇ ಗೋಜಲಿನ ನಾಲ್ಕು ಎಳೆಗಳು ಇವು. ಸಿಗರೇಟು ಈ ನಾಲ್ಕನ್ನೂ ಎಳೆಯುತ್ತದೆ. ಅಂದಹಾಗೆ ಕಣ್ಣಿನ ಪೊರೆ ಬೇಗ ಬರುವುದಕ್ಕೂ ಅದರ ಕೈವಾಡ ಇದೆ.

ಒಂದು ಎಚ್ಚರಿಕೆ. ಈಚಿನ ಆರು ತಿಂಗಳಲ್ಲಿ ಅವರು ತಾನಾಗಿಯೇ ನಾಲ್ಕೈದು ಕೆ.ಜಿ. ಇಳಿದಿದ್ದಾರಾ, ಊಟ ಸೇರುತ್ತಿಲ್ಲವಾ, ಹೊಟ್ಟೆ ಬೆನ್ನು ನೋಯುತ್ತದಾ ಅಂತ ಕೇಳಿ. ಹಾಗಿದ್ದರೆ ಈ ಉತ್ತರ ಓದುತ್ತಾ ಕೂರಬೇಡಿ, ಡಾಕ್ಟರಿಗೆ ಹೇಳಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಸೇದುವವರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸುಮಾರು ಎರಡು ಪಟ್ಟು. ವಯಸ್ಸಾದವರಲ್ಲಿ ಹೊಸದಾಗಿ ಬಂದ ಶುಗರ್ ಅಪರೂಪಕ್ಕೆ ಅದರ ಮೊದಲ ಗುರುತಾಗಿರುತ್ತದೆ. ತೂಕ ಮೊದಲಿನಿಂದಲೂ 60ರ ಆಸುಪಾಸೇ ಇದ್ದರೆ ಗಾಬರಿ ಬೇಡ.

ಈಗ ಬಿಟ್ಟರೆ ಏನಾಗುತ್ತದೆ ಅನ್ನುವ ಲೆಕ್ಕ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆ.ಜಿ. ಏರುತ್ತದೆ. ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನರ್ಸ್ ಮತ್ತಿತರ ಆರೋಗ್ಯ ಸಿಬ್ಬಂದಿಯನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬಿಟ್ಟು 2ರಿಂದ 6 ವರ್ಷ ಆದವರಲ್ಲಿ, ಸೇದುತ್ತಲೇ ಇದ್ದವರಿಗಿಂತ ಡಯಾಬಿಟಿಸ್ ಸಾಧ್ಯತೆ ಶೇ. 22 ಜಾಸ್ತಿ ಇತ್ತು. ನಿಮ್ಮ ತಂದೆಯ ಸ್ನೇಹಿತರು ಈ ಗುಂಪಿನವರು. ಆದರೆ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಬಿಟ್ಟ ಮೇಲೆ ತೂಕ ಏರಿಸಿಕೊಳ್ಳದವರಲ್ಲಿ ಈ ಹೆಚ್ಚಳವೇ ಕಾಣಲಿಲ್ಲ. ಏರಿಸಿಕೊಂಡವರಲ್ಲೂ 5ರಿಂದ 7 ವರ್ಷಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯಿತು. ಇನ್ನೊಂದು ಮಾತನ್ನು ನಿಮ್ಮ ತಂದೆಗೆ ಎರಡು ಸಲ ಓದಿ ಹೇಳಿ: 10 ಕೆ.ಜಿ.ಗಿಂತ ಜಾಸ್ತಿ ದಪ್ಪ ಆದವರಲ್ಲೂ ಸಾವು, ಅದರಲ್ಲೂ ಹೃದಯದ ಸಾವು, ಸೇದುತ್ತಿದ್ದವರಿಗಿಂತ ಬಹಳ ಕಮ್ಮಿ ಇತ್ತು.

ಅದು ಶುಗರ್ ಇಲ್ಲದವರ ಕಥೆ. ನಿಮ್ಮ ತಂದೆಗೆ ಆಗಲೇ ಇದೆ. ಶುಗರ್ ಇದ್ದೇ ಸಿಗರೇಟು ಬಿಟ್ಟವರನ್ನು ಬ್ರಿಟನ್ನಿನಲ್ಲಿ ಗಮನಿಸಿದ್ದಾರೆ, 2015ರಲ್ಲಿ ಅದು ಪ್ರಕಟವಾಯಿತು. ಸೇದುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ಡಯಾಬಿಟಿಸ್ ರೋಗಿಗಳು ಅದರಲ್ಲಿದ್ದರು. ಬಿಟ್ಟ ಮೊದಲ ವರ್ಷದಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ತೋರಿಸುವ ಪರೀಕ್ಷೆ) ಸರಾಸರಿ 0.21 ಏರಿತು. ಮೂರು ವರ್ಷಕ್ಕೆ ಸೇದುತ್ತಿದ್ದವರ ಮಟ್ಟಕ್ಕೆ ವಾಪಸ್ ಬಂತು. ನಿಮ್ಮ ತಂದೆಯ 7.2 ಮೊದಲ ವರ್ಷ 7.4 ಆಗಬಹುದು, ಅಷ್ಟೇ. ಅದನ್ನು ಅರ್ಧ ಮಾತ್ರೆಯಲ್ಲೋ, ಊಟ ಆದ ಮೇಲಿನ ನಡಿಗೆಯಲ್ಲೋ ಸರಿದೂಗಿಸಬಹುದು. ಆದರೆ ಮುಂಚೆಯೇ ಗೊತ್ತಿರಬೇಕು, ಇಲ್ಲದಿದ್ದರೆ ರಿಪೋರ್ಟು ನೋಡಿ ಎದೆ ಒಡೆಯುತ್ತದೆ.

"ಈ ವಯಸ್ಸಲ್ಲಿ" ಅನ್ನುವ ಪ್ರಶ್ನೆಗೂ ಉತ್ತರ ಇದೆ. 1951ರಿಂದ ಬ್ರಿಟನ್ನಿನ ಸುಮಾರು 34 ಸಾವಿರ ಗಂಡಸು ಡಾಕ್ಟರುಗಳನ್ನೇ 50 ವರ್ಷ ಗಮನಿಸಿದ್ದಾರೆ. ಬಿಡದೇ ಸೇದಿದವರ ಆಯಸ್ಸು ಸರಾಸರಿ 10 ವರ್ಷ ಕಮ್ಮಿ. 30ಕ್ಕೆ ಬಿಟ್ಟವರು ಆ ಹತ್ತನ್ನೂ ಹೆಚ್ಚುಕಮ್ಮಿ ಪೂರ್ತಿ ಉಳಿಸಿಕೊಂಡರು, 60ಕ್ಕೆ ಬಿಟ್ಟವರು ಸುಮಾರು 3 ವರ್ಷ ಉಳಿಸಿಕೊಂಡರು. ಮೂರೇನಾ ಅನ್ನಬಹುದು. ಮೊಮ್ಮಗಳು ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಗೆ ಹೋಗುವಷ್ಟು ಕಾಲ ಅದು. ನಾನು ಆಯಸ್ಸಿಗಿಂತ ಕಾಲಿನ ಬಗ್ಗೆ ಜಾಸ್ತಿ ಯೋಚಿಸುತ್ತೇನೆ. ಸಿಗರೇಟು ಕಾಲಿನ ರಕ್ತನಾಳ ಕಟ್ಟಿಸುತ್ತದೆ, ಶುಗರ್ ಪಾದದ ಸ್ಪರ್ಶ ಕೊಲ್ಲುತ್ತದೆ. ಎರಡೂ ಸೇರಿದರೆ ಚಪ್ಪಲಿ ಕಚ್ಚಿದ ಗಾಯ ಹೆಬ್ಬೆರಳಿಗೆ, ಹೆಬ್ಬೆರಳಿಂದ ಪಾದಕ್ಕೆ ಹೋಗುತ್ತದೆ. ಅವರು ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದಾ? ಹೌದಾದರೆ ಕಾಲಿನ ನಾಡಿ ಪರೀಕ್ಷೆ ಮಾಡಿಸಿ. ಜೊತೆಗೆ ಒಂದು ಇಸಿಜಿ, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಆಗಲಿ. ಸೇದಿದ ಅಭ್ಯಾಸ ಇರುವ 65ರಿಂದ 75ರ ಗಂಡಸರಿಗೆ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆಯಾ ಅಂತ ಜೀವನದಲ್ಲಿ ಒಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದೂ ಒಳ್ಳೆಯದು.

"ಹತ್ತರಿಂದ ಎರಡಕ್ಕೆ ಇಳಿಸುತ್ತೇನೆ" ಅಂತ ಅವರು ರಾಜಿಗೆ ಬರಬಹುದು. ಬಿಡುವ ಕಡೆಗೆ ಒಂದು ಮೆಟ್ಟಿಲಾದರೆ ಸರಿ. ಅಲ್ಲೇ ನಿಂತರೆ ಲಾಭ ಕಮ್ಮಿ. ದಿನಕ್ಕೆ ಒಂದೇ ಸೇದಿದರೂ, 20 ಸೇದಿದವರಿಗೆ ಹೃದಯಕ್ಕೆ ಆಗುವ ಹೆಚ್ಚುವರಿ ಅಪಾಯದ ಸುಮಾರು ಅರ್ಧದಷ್ಟು ಇದ್ದೇ ಇರುತ್ತದೆ. ಬೀಡಿಗೆ ಬದಲಾಯಿಸುವುದೂ ಬೇಡ. ಎಲೆಯಲ್ಲಿ ಸುತ್ತಿದ್ದು ಅಂತ ಅದೇನು ಸೌಮ್ಯ ಅಲ್ಲ. ಆರಿಹೋಗದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಇನ್ನು ಹೊಗೆಸೊಪ್ಪು ಹಾಕಿದ ಎಲೆಯಡಿಕೆ. ಸಿಗರೇಟು ಬಿಟ್ಟು ಇದಕ್ಕೆ ಬಿದ್ದವರು ಎಷ್ಟೋ ಜನ. ನಿಕೋಟಿನ್ ಅದೇ, ದಾರಿ ಬೇರೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಾನೂ ಅಡಿಕೆ ತೋಟದ ಊರಿನವನೇ, ಇದನ್ನು ಬರೆದಾಗೆಲ್ಲ ನೆಂಟರು ಫೋನ್ ಮಾಡಿ ಬೈಯುತ್ತಾರೆ.

ಬಿಡುವ ಕೆಲಸಕ್ಕೆ ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು. 42 ವರ್ಷದ ಚಟಕ್ಕೆ ಔಷಧಿಯ ಸಹಾಯ ತಗೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕು ಅನ್ನುವವರಿಗೆ 2 ಮಿ.ಗ್ರಾಂ. ನಿಕೋಟಿನ್ ಗಮ್ ಸಾಕಾಗುವುದಿಲ್ಲ, 4 ಮಿ.ಗ್ರಾಂ. ಬೇಕಾಗುತ್ತದೆ, ಡಾಕ್ಟರನ್ನು ಕೇಳಿ. ಗಮ್ ತಿನ್ನುವ ರೀತಿಯಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಬಬಲ್ ಗಮ್ ಥರ ಜಗಿದು, ಎಂಜಲು ನುಂಗಿ, ಬಿಕ್ಕಳಿಕೆ ಬಂದು, "ಇದು ನನಗೆ ಆಗಲ್ಲ" ಅಂತ ಎಸೆಯುತ್ತಾರೆ. ಮೆಲ್ಲಗೆ ನಾಲ್ಕೈದು ಸಲ ಜಗಿದು, ನಾಲಿಗೆ ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಕೊಳ್ಳಬೇಕು. ಚುರುಚುರು ನಿಂತ ಮೇಲೆ ಮತ್ತೆ ಜಗಿಯಬೇಕು. ಅರ್ಧ ಗಂಟೆ ಹೀಗೆ. ಕಾಫಿ, ಟೀ, ನಿಂಬೆ ಪಾನಕ ಕುಡಿದು ಕಾಲು ಗಂಟೆಯಾದರೂ ಆಗಿರಬೇಕು, ಇಲ್ಲದಿದ್ದರೆ ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳುವುದಿಲ್ಲ. ಹಲ್ಲಿನ ಸೆಟ್ ಹಾಕಿದ್ದರೆ ಗಮ್ ಅಂಟುತ್ತದೆ, ಆಗ ಪ್ಯಾಚ್ ಅಥವಾ ಚೀಪುವ ಮಾತ್ರೆ ಸರಿ. ವರೆನಿಕ್ಲಿನ್ ಎಂಬ ಮಾತ್ರೆಯೂ ಒಳ್ಳೆಯದು, ಆದರೆ ಕಿಡ್ನಿ ನೋಡಿಕೊಂಡು ಡಾಕ್ಟರೇ ಬರೆಯಬೇಕು. ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ 1800-11-2356 ರಾಷ್ಟ್ರೀಯ ಸಹಾಯವಾಣಿ ಇದೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಡೆರಿಫಿಲಿನ್ ತಗೊಳ್ಳುತ್ತಾರೆ ಅಂತ ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು. ಸಿಗರೇಟಿನ ಹೊಗೆಯಲ್ಲಿರುವ ಟಾರ್ ಲಿವರನ್ನು ಚುರುಕು ಮಾಡಿ ಈ ಔಷಧಿಯನ್ನು ಬೇಗ ಬೇಗ ಹೊರಹಾಕಿಸುತ್ತಿರುತ್ತದೆ. ಬಿಟ್ಟ ವಾರದೊಳಗೆ ಆ ಚುರುಕು ಇಳಿಯುತ್ತದೆ. ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ನನ್ನ ಹತ್ತಿರ ಬರುತ್ತಿದ್ದ ಹಿರಿಯರೊಬ್ಬರು ಬಿಟ್ಟ ಹತ್ತನೇ ದಿನಕ್ಕೆ ವಾಂತಿ, ಕೈ ನಡುಕ, ಎದೆ ಡವಡವ ಅಂತ ಬಂದರು. ಮನೆಯವರು, "ಸಿಗರೇಟು ಬಿಟ್ಟಿದ್ದೇ ತಪ್ಪಾಯ್ತು" ಅಂತ ಒಂದು ಪ್ಯಾಕು ತಂದಿಟ್ಟಿದ್ದರು. ಮಾತ್ರೆ ಕಮ್ಮಿ ಮಾಡಿದೆ, ಎರಡು ದಿನಕ್ಕೆ ಸರಿಹೋದರು. ತಪ್ಪು ನನ್ನದೇ, ಬಿಡಿ ಅಂತ ಹೇಳಿದ ದಿನವೇ ಮಾತ್ರೆಯ ಬಗ್ಗೆಯೂ ಹೇಳಬೇಕಿತ್ತು. ನೀವು ಬಿಡುವ ದಿನ ಗೊತ್ತು ಮಾಡುವ ಮುಂಚೆಯೇ ಉಬ್ಬಸದ ಡಾಕ್ಟರಿಗೆ ತಿಳಿಸಿ. ಕೆಮ್ಮು ಮೊದಲ ಕೆಲವು ವಾರ ಜಾಸ್ತಿಯಾಗುತ್ತದೆ, ಅದು ಒಳಗಿನ ಕಫ ಮೇಲೆ ಬರುತ್ತಿರುವುದು. ಮಲಬದ್ಧತೆಯೂ ಆಗಬಹುದು, ಸೊಪ್ಪು ನೀರು ಜಾಸ್ತಿ ಮಾಡಿ.

ಶುಗರ್ ಮಾತ್ರೆ ಶುರುವಾಗಿದ್ದರೆ ಇನ್ನೊಂದು ಗೊಂದಲ ಬರುತ್ತದೆ. ನಿಕೋಟಿನ್ ಸಿಗದಾಗ ಆಗುವ ಚಡಪಡಿಕೆ, ಹಸಿವು, ಸಿಡುಕು ಎಲ್ಲ ಲೋ ಶುಗರ್ ಥರವೇ ಇರುತ್ತದೆ. "ಶುಗರ್ ಇಳಿದಿರಬೇಕು" ಅಂತ ಪ್ರತಿ ಸಲ ಸಕ್ಕರೆ ನೀರು ಕುಡಿಸಿದರೆ ಕಥೆ ಮುಗಿಯಿತು. ಮನೆಯಲ್ಲಿ ಗ್ಲೂಕೋಮೀಟರ್ ಇರಲಿ. ಚುಚ್ಚಿ ನೋಡಿ, 70ಕ್ಕಿಂತ ಕೆಳಗಿದ್ದರೆ ಕೂಡಲೇ ಸಕ್ಕರೆ ಕೊಡಿ. 150 ಇದ್ದರೆ ಅದು ಸಿಗರೇಟಿನ ಬಾಯಿಚಪಲ, ಮಜ್ಜಿಗೆ ಕೊಡಿ.

ಬಾಯಾಡಿಸುವುದೇ ನಿಜವಾದ ಶತ್ರು. ಕೈಗೂ ಬಾಯಿಗೂ ದಿನಕ್ಕೆ ನೂರು ಸಲದ ಅಭ್ಯಾಸ ತಪ್ಪಿಹೋಗಿರುತ್ತದೆ, ಆ ಜಾಗಕ್ಕೆ ಪೆಪ್ಪರಮೆಂಟು, ರಸ್ಕು, ಮಿಕ್ಸ್ಚರು ಬಂದು ಕೂರುತ್ತವೆ. ಐದು ಕೆ.ಜಿ. ಬರುವುದು ಹೀಗೆ. ಬಿಡುವ ದಿನಕ್ಕೆ ಮುಂಚೆಯೇ ಮನೆಯ ಡಬ್ಬಿಗಳನ್ನು ಬದಲಾಯಿಸಿ: ಹುರಿಗಡಲೆ, ಸೌತೆಕಾಯಿ, ಏಲಕ್ಕಿ, ಸೋಂಪು. ನಾಲಿಗೆಯ ರುಚಿಯೂ ವಾಪಸ್ ಬರುವುದರಿಂದ ಊಟ ಹಿಡಿಸತೊಡಗುತ್ತದೆ. ಮುದ್ದೆ ಶುಗರಿಗೆ ಒಳ್ಳೆಯದು ಅಂತ ಎರಡು ಹಾಕಬೇಡಿ, ಒಂದು ಸಣ್ಣ ಮುದ್ದೆ, ಜೊತೆಗೆ ಜಾಸ್ತಿ ಸೊಪ್ಪು, ಕಾಳು. ಮಾಂಸ ಕರಗಿರುವವರಿಗೆ ಪಥ್ಯ ಅಂತ ಊಟವನ್ನೇ ಕಮ್ಮಿ ಮಾಡಬೇಡಿ. ಹುರುಳಿ, ಹೆಸರುಕಾಳು, ಮೊಟ್ಟೆ, ಮೊಸರು ಇರಲೇಬೇಕು. ಪ್ರತಿ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಲಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಲಿ, ಬೆಳಿಗ್ಗೆ ಸಂಜೆ. ಹಳೆಯ ಬಸ್ಸುಗಳನ್ನು ಮತ್ತೆ ರೋಡಿಗಿಳಿಸುವ ಕೆಲಸ ಇದು. ತಿಂಗಳಿಗೊಮ್ಮೆ ಟೇಪು ಹಿಡಿದು ಕ್ಯಾಲೆಂಡರಿನ ಮೇಲೆ ಬರೆದಿಡಿ. ತೂಕ ಎರಡು ಕೆ.ಜಿ. ಏರಿ ಟೇಪು ಅಲ್ಲೇ ನಿಂತಿದ್ದರೆ ಚಿಂತೆ ಬೇಡ. ತೂಕ ಅಲ್ಲೇ ನಿಂತು ಟೇಪು ಏರಿದ್ದರೆ ಬನ್ನಿ. ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ. ಎಚ್‌ಡಿಎಲ್ ಕೂಡ ನೋಡಿಸಿ, ಬಿಟ್ಟ ಮೇಲೆ ಬೇಗ ಏರತೊಡಗುವುದು ಅದೇ. ನಿಮ್ಮ ತಂದೆಗೆ ತೋರಿಸಲು ಒಂದು ಒಳ್ಳೆಯ ಸಂಖ್ಯೆ ಸಿಗುತ್ತದೆ.

ಕೊನೆಗೆ ಕಾಫಿ. ಬಿಡಿಸಬೇಡಿ, ಒಂದೇ ಸಲ ಎರಡನ್ನೂ ಕಿತ್ತುಕೊಂಡರೆ ಮನುಷ್ಯ ರೇಗುತ್ತಾನೆ. ಆದರೆ ಅರ್ಧ ಮಾಡಿ. ಡೆರಿಫಿಲಿನ್ ಕಥೆಯೇ ಕಾಫಿಗೂ. ಸಿಗರೇಟು ನಿಂತ ಮೇಲೆ ಅದೇ ಒಂದು ಲೋಟ ಕಾಫಿ ಮೈಯಲ್ಲಿ ಸುಮಾರು ಎರಡು ಲೋಟದ ಕೆಲಸ ಮಾಡುತ್ತದೆ. ನಿದ್ದೆ ಬರಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ ಸುಮ್ನೆ ಸಿಗರೇಟು ಬಿಟ್ಟದ್ದನ್ನು ಬೈಯುತ್ತಾರೆ. ಬೆಳಿಗ್ಗೆ ಅರ್ಧ ಲೋಟ, ಮಧ್ಯಾಹ್ನದೊಳಗೆ ಇನ್ನರ್ಧ, ಸಕ್ಕರೆ ಇಲ್ಲದೆ. ಸದ್ಯಕ್ಕೆ ಜಗಲಿಯ ಆ ಮಾಮೂಲಿ ಜಾಗದಲ್ಲಿ ಕುಡಿಯುವುದು ಬೇಡ, ಅಡುಗೆಮನೆಯಲ್ಲಿ ನಿಮ್ಮ ಜೊತೆ ನಿಂತು ಕುಡಿಯಲಿ. ಗಮ್ ತಗೊಳ್ಳುತ್ತಿದ್ದರೆ ಕಾಫಿ ಆಗಿ ಕಾಲು ಗಂಟೆ ಬಿಟ್ಟು.